ರೋಬೊ ಹಾರಲಿ, ಮಗುವನ್ನು ಮಾತಾಡಿಸೋಕೆ ಮನುಷ್ಯರೇ ಇರಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮ್ಯೂಸ್‌ಮೆಂಟ್ ಪಾರ್ಕ್‌ಗಳ ಹೊಸ ತಂತ್ರಜ್ಞಾನದ ಬಗ್ಗೆ ಬಂದ ಲೇಖನ ಓದಿದೆ. ಹಾರುವ ಸ್ಪೈಡರ್‌ಮ್ಯಾನ್ ರೋಬೊ ಬಗ್ಗೆ ಚೆನ್ನಾಗಿ ಬರೆದಿದ್ದಾರೆ, ಖುಷಿಯಾಯಿತು. ಆದರೆ ಕೊನೆಯಲ್ಲಿ ಬಂದ ಒಂದು ಮಾತು ನನಗೆ ಸರಿ ಅನ್ನಿಸಲಿಲ್ಲ. ಇನ್ನು ಮುಂದೆ ಪಾರ್ಕ್‌ಗಳಲ್ಲಿ ಸೂಪರ್‌ಹೀರೊ ವೇಷ ಹಾಕುವವರು ಬೇಕಾಗುವುದಿಲ್ಲ, ಎಲ್ಲವನ್ನೂ ಯಂತ್ರಗಳೇ ಮಾಡುತ್ತವೆ ಅನ್ನೋ ಅರ್ಥದ ಮಾತು ಅದು. ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಜಾಗ ಇದ್ದರೆ ಪೂರ್ತಿ ಹಾಕಿ.

ಮೊದಲು ಆ ರೋಬೊ ವಿಚಾರ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ, ಡಿಸ್ನಿಲ್ಯಾಂಡ್‌ನ ಎದುರಿಗೇ ಇರುವ ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನಲ್ಲಿ 2021ರ ಜೂನ್ 4ರಂದು ಅವೆಂಜರ್ಸ್ ಕ್ಯಾಂಪಸ್ ಅನ್ನೋ, ಮಾರ್ವೆಲ್ ಸೂಪರ್‌ಹೀರೊಗಳದೇ ಒಂದು ಭಾಗ ಶುರುವಾಯಿತು. ಅಲ್ಲಿ ಸ್ಪೈಡರ್‌ಮ್ಯಾನ್ ಜೋತಾಡಿಕೊಂಡು ಬಂದು, ಹಿಡಿತ ಬಿಟ್ಟು, ನೆಲದಿಂದ 60 ಅಡಿಗೂ ಮೇಲೆ ಗಾಳಿಯಲ್ಲಿ ಲಾಗ ಹೊಡೆದು ಕಟ್ಟಡದ ಹಿಂದೆ ಮರೆಯಾಗುತ್ತಾನೆ. ಅದು ರೋಬೊ. ಡಿಸ್ನಿ ಎಂಜಿನಿಯರ್‌ಗಳು ಈ ತಂತ್ರಕ್ಕೆ ಸ್ಟಂಟ್ರಾನಿಕ್ಸ್ ಅಂತ ಹೆಸರಿಟ್ಟಿದ್ದಾರೆ. ಗಾಳಿಯಲ್ಲಿರುವಾಗ ತಾನು ಎಷ್ಟು ತಿರುಗಿದ್ದೇನೆ ಅನ್ನೋದು ಅದಕ್ಕೆ ಸೆನ್ಸರ್‌ಗಳಿಂದ ಗೊತ್ತಾಗುತ್ತದೆ. ಕೈಕಾಲು ಮಡಚಿ ಬೇಗ ತಿರುಗಬೇಕೋ, ಚಾಚಿ ನಿಧಾನ ಆಗಬೇಕೋ ಅನ್ನೋದನ್ನು ಅದೇ ಸರಿ ಮಾಡಿಕೊಳ್ಳುತ್ತದೆ. ನೋಡೋಕೆ ಅದ್ಭುತ, ಎರಡು ಮಾತಿಲ್ಲ.

ಆದರೆ ಆಮೇಲೆ ಏನಾಗುತ್ತದೆ ಅನ್ನೋದನ್ನು ನಿಮ್ಮ ಲೇಖನ ಹೇಳಲಿಲ್ಲ. ರೋಬೊ ಕಟ್ಟಡದ ಹಿಂದೆ ಕಟ್ಟಿರುವ ಬಲೆಗೆ ಬೀಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅದೇ ಉಡುಪು ಹಾಕಿಕೊಂಡ ಕಲಾವಿದ ಕಟ್ಟಡದ ಮೇಲೆ ಕಾಣಿಸಿಕೊಂಡು, ಗೋಡೆ ಇಳಿದು, ನೆಲಕ್ಕೆ ಬಂದು ಮಕ್ಕಳ ಜೊತೆ ಮಾತಿಗೆ ನಿಲ್ಲುತ್ತಾನೆ. ಅಂದರೆ ರೋಬೊ ಮಾಡಿದವರೇ ಈ ಭಾಗವನ್ನು ಮನುಷ್ಯನಿಗೆ ಬಿಟ್ಟಿದ್ದಾರೆ. ಅಷ್ಟು ಎತ್ತರದಿಂದ ದಿನಕ್ಕೆ ಹಲವು ಸಲ ಯಾವ ಸ್ಟಂಟ್ ಕಲಾವಿದರನ್ನೂ ಎಸೆಯೋಕೆ ಆಗುವುದಿಲ್ಲ, ಎಸೆಯಲೂಬಾರದು. 2022ರ ಜೂನ್‌ನಲ್ಲಿ ಈ ರೋಬೊ ಒಮ್ಮೆ ಗುರಿ ತಪ್ಪಿ ಕಟ್ಟಡಕ್ಕೇ ಹೋಗಿ ಬಡಿದ ವಿಡಿಯೊವನ್ನು ಬಹಳ ಜನ ನೋಡಿರುತ್ತಾರೆ. ಅಲ್ಲಿ ಮನುಷ್ಯ ಇದ್ದಿದ್ದರೆ? ಹಾಗಾಗಿ ಹಾರೋ ಕೆಲಸ ಯಂತ್ರ ಮಾಡಲಿ, ಅದು ಒಳ್ಳೆಯದೇ. ನನ್ನ ತಕರಾರು ಇರೋದು, ಹಾರೋದೇ ಮುಖ್ಯ, ಕೆಳಗೆ ಬಂದು ಮಾತಾಡೋದು ಸುಮ್ನೆ ಫೋಟೊಗೆ ಅಂತ ತಿಳಿದುಕೊಂಡಿರುವ ಬಗ್ಗೆ.

ಕೋವಿಡ್ ನಂತರ ಪಾರ್ಕ್‌ಗಳು ಮತ್ತೆ ತೆರೆದ ಕಾಲವನ್ನು ನೆನಪಿಸಿಕೊಳ್ಳಿ. ಹೀರೊಗಳು ಬರುತ್ತಿದ್ದರು, ಆದರೆ ದೂರದಲ್ಲಿ ನಿಂತು ಕೈ ಬೀಸುತ್ತಿದ್ದರು. ಫೋಟೊಗೆ ಏನೂ ಕೊರತೆ ಇರಲಿಲ್ಲ, ಹೀರೊ ಹಿಂದೆ, ಮಗು ಮುಂದೆ, ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಆದರೂ ಜನ ಕಾದಿದ್ದು ಬೇರೆಯದಕ್ಕೆ. 2022ರ ಏಪ್ರಿಲ್ 18ರಿಂದ ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಪಾತ್ರಗಳ ಹತ್ತಿರ ಹೋಗಿ ಅಪ್ಪಿಕೊಳ್ಳಬಹುದು ಅಂತ ಆದಾಗ ಅದೇ ಒಂದು ದೊಡ್ಡ ಸುದ್ದಿಯಾಯಿತು. ಫೋಟೊ ಒಂದೇ ಸಾಕಾಗಿದ್ದರೆ ಅದು ಸುದ್ದಿ ಆಗುತ್ತಿರಲಿಲ್ಲ, ಅಲ್ವಾ?

ಈಗ ಆ ಕಲಾವಿದರು ಏನು ಮಾಡುತ್ತಾರೆ ಅನ್ನೋದನ್ನು ಹತ್ತಿರದಿಂದ ನೋಡೋಣ. ಸ್ಪೈಡರ್‌ಮ್ಯಾನ್ ಮುಖ ಪೂರ್ತಿ ಮುಚ್ಚಿರುತ್ತದೆ. ನಗು ಕಾಣುವುದಿಲ್ಲ, ಕಣ್ಣು ಕಾಣುವುದಿಲ್ಲ. ಮಗು ಹೇಳಿದ್ದು ತನಗೆ ಕೇಳಿಸಿತು, ಅದು ತನಗೆ ಇಷ್ಟ ಆಯಿತು ಅಂತ ಬರೀ ತಲೆ ವಾಲಿಸಿ, ಭುಜ ಕುಣಿಸಿ, ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ಕೂತು ತೋರಿಸಬೇಕು. ದನಿ ಬೇರೆ ಮುಖವಾಡದ ಬಟ್ಟೆ ದಾಟಿ ಬರಬೇಕು. ಒಳಗಿನಿಂದ ಹೊರಗೆ ನೋಡೋಕೂ ಪೂರ್ತಿ ಆಗುವುದಿಲ್ಲ, ಪಕ್ಕದಲ್ಲಿ ಬಂದು ನಿಂತ ಪುಟ್ಟ ಮಗು ಕಣ್ಣಿಗೆ ಬೀಳದೇ ಹೋಗಬಹುದು. ಕ್ಯಾಪ್ಟನ್ ಮಾರ್ವೆಲ್, ವಂಡರ್ ವುಮನ್ ಥರದ ಮುಖ ತೆರೆದ ಪಾತ್ರಗಳ ಕಷ್ಟ ಇನ್ನೊಂದು. ಮಕ್ಕಳು ಸಿನಿಮಾದ ಮುಖವನ್ನು ಚೆನ್ನಾಗಿ ನೋಡಿಕೊಂಡೇ ಬಂದಿರುತ್ತಾರೆ. ನೀವು ಬೇರೆ ಥರ ಕಾಣ್ತಿದ್ದೀರಲ್ಲ ಅಂತ ನೇರವಾಗಿ ಕೇಳಿಬಿಡುತ್ತಾರೆ. ಆಗ ಪಾತ್ರ ಬಿಟ್ಟು ಹೊರಗೆ ಬರದೆ, ಮಗುವಿಗೆ ಬೇಜಾರೂ ಆಗದ ಹಾಗೆ ಉತ್ತರ ಕೊಡಬೇಕು.

ಬ್ಯಾಟ್‌ಮ್ಯಾನ್ ಬಂದರೆ ಅವನು ಜೋರಾಗಿ ನಗುವ ಹಾಗಿಲ್ಲ, ಕುಣಿಯುವ ಹಾಗಿಲ್ಲ, ಅವನ ಸ್ವಭಾವವೇ ಗಂಭೀರ. ಆದರೆ ಎದುರಿಗೆ ನಿಂತಿರೋದು ಬ್ಯಾಟ್‌ಮ್ಯಾನ್ ಕೇಪ್ ಹಾಕಿಕೊಂಡು ಬಂದ ಪುಟ್ಟ ಹುಡುಗಿ. ಗಂಭೀರವಾಗಿಯೇ ಇದ್ದು ಅವಳಿಗೆ ಪ್ರೀತಿ ತೋರಿಸೋದು ಹೇಗೆ? ಒಳ್ಳೆಯ ಕಲಾವಿದರು ಅವಳನ್ನು ತಮ್ಮ ಸರಿಸಮಾನ ಜೊತೆಗಾರಳ ಥರ ನೋಡುತ್ತಾರೆ. ಇವತ್ತು ಊರು ಸುರಕ್ಷಿತವಾಗಿದೆಯಾ ಅಂತ ವರದಿ ಕೇಳುತ್ತಾರೆ. ಆ ಹುಡುಗಿ ನೆಟ್ಟಗೆ ನಿಂತು ಉತ್ತರ ಕೊಡುತ್ತಾಳೆ. ಇದು ಯಾವ ಪುಸ್ತಕದಲ್ಲೂ ಮೊದಲೇ ಬರೆದಿಟ್ಟಿರುವ ಸಂಭಾಷಣೆ ಅಲ್ಲ. ಮಗು ಏನು ಹೇಳುತ್ತದೋ ಅದನ್ನು ಹಿಡಿದು ಅಲ್ಲಿಂದಲೇ ಮುಂದಿನ ಮಾತು ಕಟ್ಟಬೇಕು. ಜೇಡರ ಬಲೆ ಈಗಲೇ ಬಿಡು ಅಂತ ಸ್ಪೈಡರ್‌ಮ್ಯಾನ್ ಹತ್ತಿರ ಹಟ ಹಿಡಿಯುವ ಮಗು, ನನಗೆ ನೀನು ಬೇಡ ಹಲ್ಕ್ ಬೇಕು ಅನ್ನುವ ಮಗು, ಏನೂ ಹೇಳದೆ ಬರೀ ಬೂಟು ಮುಟ್ಟಿ ನೋಡುವ ಮಗು, ಒಬ್ಬೊಬ್ಬರಿಗೂ ಉತ್ತರ ಬೇರೆ.

ವೇಷ ಹಾಕಿದ ಮಾತ್ರಕ್ಕೆ ಈ ಕೆಲಸ ಬರುವುದಿಲ್ಲ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಯಾರು ಬೇಕಾದರೂ ಉಡುಪು ಕೊಂಡು ಹಾಕಿಕೊಂಡು, ಜನರ ಜೊತೆ ಫೋಟೊ ತೆಗೆಸಿಕೊಂಡು ಹಣ ಕೇಳಬಹುದಿತ್ತು. ಪೀಡಿಸುತ್ತಾರೆ ಅಂತ ದೂರುಗಳು ಜಾಸ್ತಿಯಾಗಿ 2016ರಲ್ಲಿ ನಗರ ಆಡಳಿತ ಅವರಿಗೆ ಗುರುತು ಹಾಕಿದ ಜಾಗ ಮಾತ್ರ ಬಿಟ್ಟುಕೊಟ್ಟಿತು. ಉಡುಪು ಅಲ್ಲೂ ಅದೇ, ಪಾರ್ಕಿನಲ್ಲೂ ಅದೇ. ವ್ಯತ್ಯಾಸ ಇರೋದು ತರಬೇತಿಯಲ್ಲಿ, ಜೊತೆಗೆ ನಿಲ್ಲುವ ಸಹಾಯಕರಲ್ಲಿ.

ಈ ಸಹಾಯಕರ ಬಗ್ಗೆ ಯಾರೂ ಬರೆಯುವುದೇ ಇಲ್ಲ. ಹೀರೊ ಪಕ್ಕದಲ್ಲಿ ಮಾಮೂಲಿ ಸಮವಸ್ತ್ರದಲ್ಲಿ ಒಬ್ಬರು ನಿಂತಿರುತ್ತಾರೆ, ನೋಡಿರುತ್ತೀರಿ. ಸಾಲು ನಡೆಸೋದು, ಸಮಯ ನೋಡೋದು, ಹಿಂದಿನಿಂದ ಬಂದು ಕೇಪ್ ಎಳೆಯುವವರನ್ನು ತಡೆಯೋದು, ಒಳಗಿರುವವರಿಗೆ ಸುಸ್ತಾಗಿದೆ ಅಂತ ಗೊತ್ತಾದರೆ ಒಳ್ಳೆಯ ನೆಪ ಹೇಳಿ ಕರೆದುಕೊಂಡು ಹೋಗೋದು, ಎಲ್ಲ ಅವರದೇ ಕೆಲಸ. ಮಕ್ಕಳ ನಂಬಿಕೆ ಕಾಪಾಡೋಕೆ ಪಾರ್ಕ್‌ಗಳು ಇನ್ನೂ ಕೆಲವು ನಿಯಮ ಇಟ್ಟುಕೊಂಡಿವೆ. ಡಿಸ್ನಿ ಪಾರ್ಕ್‌ಗಳಲ್ಲಿ ಒಂದೇ ಪಾತ್ರ ಎರಡು ಕಡೆ ಒಟ್ಟಿಗೆ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಒಂದು ಪಾತ್ರದ ಸಹಿ ಯಾವ ಕಲಾವಿದರು ಹಾಕಿದರೂ ಒಂದೇ ಥರ ಇರಬೇಕು. 14 ವರ್ಷ ಮತ್ತು ಅದಕ್ಕಿಂತ ದೊಡ್ಡವರು ಮಾಮೂಲಿ ದಿನಗಳಲ್ಲಿ ವೇಷ ಹಾಕಿಕೊಂಡು ಒಳಗೆ ಬರುವ ಹಾಗಿಲ್ಲ. ಇದು ಅತಿಯಾಯಿತು ಅಂತ ಬೈಯುವವರಿದ್ದಾರೆ. ನನಗೆ ಸರಿ ಅನ್ನಿಸುತ್ತದೆ. ಗುರುತಿಲ್ಲದ ದೊಡ್ಡವರೊಬ್ಬರು ಹೀರೊ ವೇಷದಲ್ಲಿ ಓಡಾಡುತ್ತಿದ್ದರೆ ಮಗು ಅವರ ಹಿಂದೆಯೂ ಓಡುತ್ತದೆ, ಅದರ ಹೊಣೆ ಯಾರದು?

ಇನ್ನು ಹೀರೊಗಳನ್ನು ಒಂದು ಜಾಗದಲ್ಲಿ ನಿಲ್ಲಿಸಿ ಸಾಲು ಹಚ್ಚಬೇಕೋ, ಜನರ ನಡುವೆ ಓಡಾಡೋಕೆ ಬಿಡಬೇಕೋ ಅನ್ನೋ ಪ್ರಶ್ನೆ. ಅವೆಂಜರ್ಸ್ ಕ್ಯಾಂಪಸ್‌ನಲ್ಲಿ ಬಹಳ ಹೀರೊಗಳು ಓಡಾಡಿಕೊಂಡೇ ಇರುತ್ತಾರೆ. ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಎದುರಾಗುತ್ತಾರೆ. ಆ ಖುಷಿಗೆ ಸಾಟಿ ಇಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಗೆಲ್ಲುವವರು ಯಾರು? ಎತ್ತರ ಇರುವವರು, ಧೈರ್ಯ ಇರುವವರು, ಮೊಬೈಲ್ ಹಿಡಿದು ಮುನ್ನುಗ್ಗುವ ದೊಡ್ಡವರು. ನಾಚಿಕೆಯ ಮಗು, ಗಾಲಿಕುರ್ಚಿಯಲ್ಲಿ ಬಂದ ಮಗು, ಗದ್ದಲ ತಡೆಯಲಾಗದ ಆಟಿಸಂ ಇರುವ ಮಗು ಹಿಂದೆ ಉಳಿಯುತ್ತವೆ. ಸಾಲು ಬೇಸರ ಬರಿಸುತ್ತದೆ, ಆದರೆ ಸಾಲಿನಲ್ಲಿ ನಿಂತ ಮಗುವಿಗೆ ತನ್ನ ಸರದಿ ಬಂದೇ ಬರುತ್ತದೆ. ಹಾಗಾಗಿ ಓಡಾಡುವ ಹೀರೊಗಳು ಇರುವ ಕಡೆ, ದಿನದ ಒಂದಷ್ಟು ಹೊತ್ತು ನಿಂತು ಸಿಗುವ ವ್ಯವಸ್ಥೆಯೂ ಇರಬೇಕು ಅಂತ ನಾನು ಹೇಳುತ್ತೇನೆ. ಅದೇ ಕ್ಯಾಂಪಸ್‌ನಲ್ಲಿ ಬ್ಲ್ಯಾಕ್ ಪ್ಯಾಂಥರ್ ಸಿನಿಮಾದ ವಕಾಂಡಾ ರಾಜ್ಯದ ಡೋರಾ ಮಿಲಾಜೆ ಯೋಧೆಯರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಯುದ್ಧದ ಪಟ್ಟು ಕಲಿಸುವ ಕಾರ್ಯಕ್ರಮ ಶುರುವಿನಿಂದಲೂ ಇದೆ. ನನಗೆ ಅದು ಎಲ್ಲಕ್ಕಿಂತ ಇಷ್ಟ. ಅಲ್ಲಿ ಮಗು ನೋಡುಗ ಅಲ್ಲ, ಕೆಲಸ ಸಿಕ್ಕ ಶಿಷ್ಯ. ಹಿಂದಿನ ಸಾಲಿನಲ್ಲಿ ನಿಂತ ಮಗು ಕೂಡ ಅದೇ ಪಟ್ಟು ಮಾಡುತ್ತಿರುತ್ತದೆ.

ಹೆತ್ತವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಒಂದು ಪಾರ್ಕಿನಲ್ಲಿ ನಾನು ನೋಡಿದ್ದು: ಎರಡು ವರ್ಷ ಇರಬಹುದಾದ ಮಗು, ಮುಖವಾಡದ ಹೀರೊ ಹತ್ತಿರ ಬರುತ್ತಿದ್ದ ಹಾಗೆ ಕಿರುಚಿಕೊಂಡು ಅಪ್ಪನ ಕಾಲು ಹಿಡಿದುಕೊಂಡಿತು. ಅಪ್ಪ ಮಗುವನ್ನು ಎತ್ತಿ ಹೀರೊ ಕೈಗೆ ಕೊಡಲು ಹೋದರು, ಫೋಟೊ ಬೇಗ ತೆಗಿ ಅಂತ ಪಕ್ಕದವರಿಗೆ ಕೂಗುತ್ತಿದ್ದರು. ವೇಷದಲ್ಲಿದ್ದ ಕಲಾವಿದ ಮಗುವನ್ನು ಎತ್ತಿಕೊಳ್ಳಲಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ ನೆಲದ ಮೇಲೆ ಕೂತರು, ಮುಖ ಬೇರೆ ಕಡೆ ತಿರುಗಿಸಿಕೊಂಡರು, ಅಂಗೈ ಮಾತ್ರ ಮಗುವಿನ ಕಡೆ ಚಾಚಿದರು. ಮಗು ಅಳು ನಿಲ್ಲಿಸಿ ನೋಡಿತು. ಹತ್ತಿರ ಹೋಗಲಿಲ್ಲ, ಆದರೆ ದೂರದಿಂದಲೇ ಕೈ ಬೀಸಿತು. ಅಷ್ಟೇ. ಅಪ್ಪನಿಗೆ ಫೋಟೊ ಸಿಗಲಿಲ್ಲ ಅಂತ ಕೋಪ, ಹಿಂದಿದ್ದವರಿಗೆ ತಡವಾಯಿತು ಅಂತ ಅಸಮಾಧಾನ. ಪಾರ್ಕಿನ ಮೇಲ್ವಿಚಾರಕರೊಬ್ಬರು ಬಂದು ಬೇಗ ಮುಗಿಸಿ ಅಂತ ಸನ್ನೆ ಮಾಡಿದರು. ಅವತ್ತು ಅಲ್ಲಿ ಇದ್ದವರಲ್ಲಿ ಮಗುವಿನ ಮನಸ್ಸು ತಿಳಿದುಕೊಂಡವರು ಆ ಕಲಾವಿದ ಒಬ್ಬರೇ, ಬೈಗುಳ ತಿಂದವರೂ ಅವರೇ.

ಪುಟ್ಟ ಮಕ್ಕಳು ಮುಖ ನೋಡಿಯೇ ಮನುಷ್ಯರನ್ನು ನಂಬುತ್ತಾರೆ. ಮುಖವೇ ಇಲ್ಲದ, ತಮಗಿಂತ ಮೂರು ಪಟ್ಟು ದೊಡ್ಡ ಆಕಾರ ಹತ್ತಿರ ಬಂದರೆ ಹೆದರೋದು ಸಹಜ. ಟಿವಿಯಲ್ಲಿ ಅದೇ ಹೀರೊ ಇಷ್ಟ ಆಗಿದ್ದಾನೆ ಅಂದ ಮಾತ್ರಕ್ಕೆ ಎದುರಿಗೂ ಇಷ್ಟ ಆಗಲೇಬೇಕು ಅಂತಿಲ್ಲ. ಮೊದಲು ದೂರದಿಂದ ತೋರಿಸಿ, ಬೇರೆ ಮಕ್ಕಳು ಹೋಗಿ ಬರುವುದನ್ನು ನೋಡಲಿ, ಅದಕ್ಕೇ ಹೋಗಬೇಕು ಅನ್ನಿಸಿದರೆ ಹೋಗಲಿ. ಇಲ್ಲದಿದ್ದರೆ ಬೇಡ. ಅಳುವ ಮಗುವನ್ನು ಹೀರೊ ಮಡಿಲಲ್ಲಿ ಕೂರಿಸಿ ತೆಗೆದ ಫೋಟೊವನ್ನು ತಮಾಷೆ ಅಂತ ಹಂಚಿಕೊಳ್ಳುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಯಾವ ಹೀರೊ ಎಲ್ಲಿ ಸಿಗುತ್ತಾನೆ ಅನ್ನೋದು ಮಾತ್ರ ಪೂರ್ತಿ ವ್ಯಾಪಾರದ ಲೆಕ್ಕ. ಸ್ಪೈಡರ್‌ಮ್ಯಾನ್ ಥರದ ಹೀರೊಗಳ ಕಾಮಿಕ್ಸ್ ತರುವ ಮಾರ್ವೆಲ್ ಕಂಪನಿ 1994ರಲ್ಲೇ ಯೂನಿವರ್ಸಲ್ ಪಾರ್ಕ್‌ಗಳ ಆಗಿನ ಒಡೆಯ ಎಂಸಿಎ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಅದರಿಂದಲೇ 1999ರಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಯೂನಿವರ್ಸಲ್‌ನವರ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕ್ ತೆರೆದಾಗ ಅದರಲ್ಲಿ ಮಾರ್ವೆಲ್ ಹೀರೊಗಳದೇ ಒಂದು ಭಾಗ ಇತ್ತು. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಮಾರ್ವೆಲ್ ಅನ್ನೇ ಕೊಳ್ಳಲು ಮುಂದಾಯಿತು, ಆದರೂ ಹಳೆಯ ಒಪ್ಪಂದ ಹಾಗೇ ಉಳಿಯಿತು. ಹಾಗಾಗಿ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ, ಅಂದರೆ ಫ್ಲಾರಿಡಾದಲ್ಲಿ, ಸ್ಪೈಡರ್‌ಮ್ಯಾನ್ ಸಿಗೋದು ಯೂನಿವರ್ಸಲ್ ಪಾರ್ಕಿನಲ್ಲಿ. ಪಶ್ಚಿಮಕ್ಕೆ, ಕ್ಯಾಲಿಫೋರ್ನಿಯಾದಲ್ಲಿ, ಡಿಸ್ನಿ ಪಾರ್ಕಿನಲ್ಲಿ. ಬ್ಯಾಟ್‌ಮ್ಯಾನ್, ವಂಡರ್ ವುಮನ್ ಥರದ ಡಿಸಿ ಕಂಪನಿಯ ಹೀರೊಗಳ ಕಥೆ ಬೇರೆ, ಅವರನ್ನು ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕ್‌ಗಳಲ್ಲೋ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಮೂವಿ ವರ್ಲ್ಡ್‌ನಲ್ಲೋ, 2018ರಲ್ಲಿ ಅಬುಧಾಬಿಯಲ್ಲಿ ಶುರುವಾದ ವಾರ್ನರ್ ಬ್ರದರ್ಸ್ ವರ್ಲ್ಡ್‌ನಲ್ಲೋ ಹುಡುಕಬೇಕು. ಜಪಾನಿನ ಯೂನಿವರ್ಸಲ್ ಪಾರ್ಕಿನಲ್ಲಿ 20 ವರ್ಷ ಓಡಿದ ಸ್ಪೈಡರ್‌ಮ್ಯಾನ್ ರೈಡ್ 2024ರ ಜನವರಿಯಲ್ಲಿ ಮುಚ್ಚಿತು. ಪ್ರವಾಸ ಹೊರಡುವ ಮೊದಲು ಹೆತ್ತವರು ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಮಗುವಿಗೆ ಒಪ್ಪಂದ ಅರ್ಥ ಆಗುವುದಿಲ್ಲ, ಬಂದಮೇಲೆ ಅವನಿಲ್ಲ ಅಂದರೆ ಅಳುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ವಿಷಯ. ಇಷ್ಟೆಲ್ಲ ಮಾಡುವ ಕಲಾವಿದರನ್ನು ಹೇಗೆ ನೋಡಿಕೊಳ್ಳುತ್ತಾರೆ? ಹೀರೊ ಉಡುಪು ಅಂದರೆ ತೆಳು ಬಟ್ಟೆ ಅಲ್ಲ. ಕೆಲವು ಉಡುಪುಗಳ ಒಳಗೆ ದೇಹ ಗಟ್ಟಿಮುಟ್ಟಾಗಿ ಕಾಣಲಿ ಅಂತ ಸ್ಪಂಜಿನ ಮಾಂಸಖಂಡ, ಅದರ ಮೇಲೆ ಬಿಗಿ ಬಟ್ಟೆ, ಅದರ ಮೇಲೆ ರಕ್ಷಾಕವಚ, ಕೈಗವಸು, ಬೂಟು, ಶಿರಸ್ತ್ರಾಣ. ಬೆವರು ಆರೋಕೆ ದಾರಿಯೇ ಇಲ್ಲ. ಬಿಸಿಲಿನಲ್ಲಿ ಇದನ್ನು ಹಾಕಿಕೊಂಡು ಕುಣಿದು, ಕೂತು, ಎದ್ದು, ಮಕ್ಕಳನ್ನು ನಗಿಸೋದು ಎಂಥ ಕೆಲಸ ಅಂತ ಯೋಚಿಸಿ. ಅದಕ್ಕೇ ಹೊರಗೆ ಇರುವ ಹೊತ್ತು ಚಿಕ್ಕದಾಗಿರಬೇಕು, ನಡುವೆ ತಂಪಾದ ಕೋಣೆ, ನೀರು, ವಿಶ್ರಾಂತಿ ಇರಲೇಬೇಕು. ಹೀರೊ ಹೊರಟುಹೋದ ಅಂತ ಗೊಣಗುವ ಮುಂಚೆ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು.

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಪಾತ್ರ ಮಾಡುವವರು ವೇಷದ ಒಳಗೆ ಹಾಕುವ ಒಳ ಉಡುಪನ್ನೂ ಬೇರೆಯವರ ಜೊತೆ ಹಂಚಿಕೊಳ್ಳಬೇಕಿತ್ತು. ಸರಿಯಾಗಿ ಒಗೆದಿರುವುದಿಲ್ಲ, ಹೇನು, ಕಜ್ಜಿ ಬರುತ್ತಿದೆ ಅಂತ ದೂರಿದರು. ಅವರ ಪರವಾಗಿ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘ ಮಾತುಕತೆ ನಡೆಸಿದ ಮೇಲೆ, 2001ರಲ್ಲಿ, ಒಬ್ಬೊಬ್ಬರಿಗೂ ಅವರದೇ ಒಳ ಉಡುಪು ಅಂತ ತೀರ್ಮಾನ ಆಯಿತು. ಇಷ್ಟು ಸಣ್ಣ ವಿಷಯಕ್ಕೂ ಸಂಘ ಕಟ್ಟಿ ಕೇಳಬೇಕಾಯಿತು! ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಬೇರೆ ಬಹಳ ಕೆಲಸಗಾರರಿಗೆ ಸಂಘ ಇದ್ದರೂ ಪಾತ್ರ ಮಾಡುವವರಿಗೆ, ಮೆರವಣಿಗೆಯಲ್ಲಿ ಕುಣಿಯುವವರಿಗೆ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಮತದಾನ ನಡೆದು, 953 ಜನ ಪರವಾಗಿ, 258 ಜನ ವಿರುದ್ಧವಾಗಿ ಮತ ಹಾಕಿ, ಸುಮಾರು 1,700 ಜನ ಆ್ಯಕ್ಟರ್ಸ್ ಇಕ್ವಿಟಿ ಅನ್ನೋ ರಂಗ ಕಲಾವಿದರ ಸಂಘಕ್ಕೆ ಸೇರಿದರು. ಯಾವ ಸಂಘ ಅನ್ನೋದನ್ನು ಗಮನಿಸಿ. ನಾಟಕದಲ್ಲಿ ನಟಿಸುವವರ ಸಂಘ. ನಾವೂ ನಟರೇ ಅಂತ ಅವರು ಹೇಳಿದ ಹಾಗಾಯಿತು. ನನಗೆ ಆ ಸುದ್ದಿ ಓದಿ ಬಹಳ ಸಂತೋಷವಾಯಿತು. ರಂಗದ ಮೇಲಿನ ನಟನಿಗೆ ಮುಂದಿನ ಸಾಲು ಗೊತ್ತಿರುತ್ತದೆ, ಪ್ರೇಕ್ಷಕರು ದೂರದಲ್ಲಿರುತ್ತಾರೆ. ಇವರಿಗೆ ಎರಡೂ ಇಲ್ಲ, ಪ್ರೇಕ್ಷಕ ಕುತ್ತಿಗೆಗೇ ಜೋತುಬಿದ್ದಿರುತ್ತಾನೆ.

ಯಂತ್ರಗಳು ಮುಂದೆ ಇನ್ನೂ ಚುರುಕಾಗುತ್ತವೆ. ಮಾತಾಡುವ ರೋಬೊ ಬರಬಹುದು, ಮಗುವಿನ ಹೆಸರು ಹಿಡಿದು ಕರೆಯಲೂಬಹುದು. ಹಾಗಂತ ಪಾರ್ಕ್‌ಗಳು ಖರ್ಚು ಕಡಿಮೆ ಮಾಡೋಕೆ ಕಲಾವಿದರನ್ನು ಮನೆಗೆ ಕಳಿಸಿದರೆ ಅದನ್ನು ಪ್ರಗತಿ ಅಂತ ಪತ್ರಿಕೆಗಳು ಬರೆಯಬಾರದು. ಹೆದರಿದ ಮಗುವನ್ನು ನೋಡಿ ಎರಡು ಹೆಜ್ಜೆ ಹಿಂದೆ ಹೋಗಬೇಕು ಅಂತ ಆ ಕಲಾವಿದರಿಗೆ ಗೊತ್ತಾಗಿದ್ದು ತಾವೂ ಒಂದು ಕಾಲದಲ್ಲಿ ಹೆದರಿದ್ದರಿಂದ.

ಹಾಗಾಗಿ ನನ್ನದೊಂದು ಕೋರಿಕೆ. ಮುಂದಿನ ಸಲ ಪಾರ್ಕ್‌ಗಳ ಬಗ್ಗೆ ಪುರವಣಿ ಮಾಡುವಾಗ ರೈಡ್ ಎಷ್ಟು ಎತ್ತರ, ಎಷ್ಟು ವೇಗ ಅನ್ನೋದರ ಜೊತೆಗೆ ಇದನ್ನೂ ಕೇಳಿ ಬರೆಯಿರಿ: ಅಲ್ಲಿ ಹೀರೊಗಳು ಎಷ್ಟು ಹೊತ್ತು ಸಿಗುತ್ತಾರೆ, ಸಾಲಿನಲ್ಲೋ ಓಡಾಡಿಕೊಂಡೋ, ಗದ್ದಲ ತಡೆಯಲಾಗದ ಮಕ್ಕಳಿಗೆ ಬೇರೆ ಸಮಯ ಇದೆಯಾ, ಕಲಾವಿದರಿಗೆ ನಡುವೆ ವಿಶ್ರಾಂತಿ ಎಷ್ಟು. ಸಾಧ್ಯ ಆದರೆ ವೇಷದ ಒಳಗೆ ಕೆಲಸ ಮಾಡಿದ ಒಬ್ಬರನ್ನು, ಸಹಾಯಕರೊಬ್ಬರನ್ನು ಮಾತಾಡಿಸಿ. ಪಾತ್ರದ ಗುಟ್ಟು ಉಳಿಯಬೇಕು ಅಂತಿದ್ದರೆ ಹೆಸರು, ಫೋಟೊ ಬೇಡ. ಅವರ ಮಾತು ಅಚ್ಚಾದರೆ ಸಾಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ